ಕಾಲೂರದ ಹರಕೆ

ಹರಕೆ ಹೊರುವ ಮನುಷ್ಯ ಬಾಯಿ ತೆರೆಯುವ ಮೊದಲು ಒಂದು ಗಳಿಗೆ ಯೋಚಿಸಬೇಕು. ಅಂತಿಪೊಲೊ ಗುಡ್ಡದ ಮೇಲೆ ಇಗರ್ಜಿಗುಡಿಯಲ್ಲಿರುವ ದೇವಮಾತೆಗೆ ನಮ್ಮ ಕಡೆಯವರು ಹೊರುವ ಹರಕೆಗಳೆಲ್ಲ ಅವರವರ ಮೈಗೆ ತಕ್ಕಂಥವು. ಒಬ್ಬ ನಡೆದು ಬರುತ್ತೇನೆ ಅನ್ನುತ್ತಾನೆ. ಇನ್ನೊಬ್ಬಳು ಗುಡಿಯ ಬಾಗಿಲಿಂದ ಪೀಠದವರೆಗೆ ಮೊಣಕಾಲಿನಲ್ಲಿ ಹೋಗುತ್ತೇನೆ ಅನ್ನುತ್ತಾಳೆ. ಜಾಣರು ಮಲ್ಲಿಗೆ ಹಾರದಲ್ಲೇ ಮುಗಿಸುತ್ತಾರೆ. ಅಮಾದೊ ಬೆರ್ನಾಬೆ ಮಾತ್ರ, ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ, ಸೈಕಲ್ ತುಳಿದು ಗುಡ್ಡ ಹತ್ತುತ್ತೇನೆ, ಬುಡದಿಂದ ಗುಡಿಯ ಬಾಗಿಲವರೆಗೆ ನೆಲಕ್ಕೆ ಕಾಲೂರುವುದಿಲ್ಲ ಎಂದು ಹೇಳಿ ಕೂತ. ಅವನು ಕೊನೆಯ ಸಲ ಸೈಕಲ್ ತುಳಿದಾಗ ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಇದಕ್ಕೆ ಕಾರಣ ಭಕ್ತಿಯಲ್ಲ, ಗಾಬರಿ. ಫೆಬ್ರವರಿಯಲ್ಲಿ ಅವನ ಹೆಂಡತಿ ಲೂದಿಂಗಳ ಹೊಟ್ಟೆಯಿಂದ ಗಡ್ಡೆ ತೆಗೆಯಲು ಒಳಗೆ ಕರೆದೊಯ್ದರು. ಎರಡು ಗಂಟೆಯಲ್ಲಿ ಮುಗಿಯುತ್ತದೆ ಎಂದವರು ನಾಲ್ಕು ಗಂಟೆಯಾದರೂ ಹೊರಗೆ ಬರಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಅಮಾದೊನ ಕಣ್ಣೆದುರಿಗೆ ಇದ್ದದ್ದು ಎರಡೇ ವಸ್ತು, ಒಂದು ಮುಚ್ಚಿದ ಬಾಗಿಲು, ಇನ್ನೊಂದು ಕಾವಲುಗಾರ ಗೋಡೆಗೆ ಒರಗಿಸಿಟ್ಟಿದ್ದ ಸೈಕಲ್. ಬಾಗಿಲನ್ನು ನೋಡಲಾರದೆ ಸೈಕಲ್ಲನ್ನು ನೋಡುತ್ತ ಕೂತಿದ್ದ. ಬಾಯಿಂದ ಅದೇ ಬಂತು. ಎದುರಿಗೆ ಒಂದು ಏಣಿ ಇದ್ದಿದ್ದರೆ ಏನು ಹೇಳುತ್ತಿದ್ದನೋ ದೇವರೇ ಬಲ್ಲ. ಬರುವ ಮೇ ತಿಂಗಳಲ್ಲೇ ಎಂದು ಮನಸ್ಸಿನಲ್ಲೇ ಗಡುವನ್ನೂ ಹಾಕಿಕೊಂಡ, ಏಕೆಂದರೆ ಮಾತೆಯ ಯಾತ್ರೆಯ ತಿಂಗಳು ಅದೇ. ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಲೂದಿಂಗ್ ಬದುಕಿದ್ದಳು. ಇನ್ನು ಮಾತು ಹಿಂತೆಗೆದುಕೊಳ್ಳುವಂತಿರಲಿಲ್ಲ.

ಆ ಗುಡ್ಡ ಅವನಿಗೆ ಹೊಸದಲ್ಲ. ಮೂವತ್ತೊಂದು ವರ್ಷ ಅದೇ ರಸ್ತೆಯಲ್ಲಿ, ಮರಿಕಿನಾದಿಂದ ಅಂತಿಪೊಲೊಗೆ, ದಿನಕ್ಕೆ ಆರು ಸಲ ಜೀಪ್ನಿ, ಅಂದರೆ ಕೈ ಎತ್ತಿದಲ್ಲೆಲ್ಲ ನಿಂತು ಜನರನ್ನು ಹತ್ತಿಸಿಕೊಳ್ಳುವ ಉದ್ದನೆಯ ಬಾಡಿಗೆ ಜೀಪು, ಓಡಿಸಿದವನು. ಗಾಡಿಯ ಹಣೆಯ ಮೇಲೆ ಹೆಂಡತಿಯ ಹೆಸರು ಬರೆಸಿದ್ದ, ಮುಂದಿನ ಗಾಜಿನ ಕೆಳಗೆ ಮಾತೆಯ ಪುಟ್ಟ ಮೂರ್ತಿ ಇಟ್ಟಿದ್ದ. ಮೂರು ವರ್ಷದ ಹಿಂದೆ ಎಂಜಿನ್ ಕೈಕೊಟ್ಟಿತು, ಗಾಡಿ ಗುಜರಿಗೆ ಹೋಯಿತು, ಅಮಾದೊ ಮನೆಯಲ್ಲಿ ಕೂತ. ಗುಡ್ಡದ ಪ್ರತಿ ತಿರುವನ್ನೂ ಅವನು ಗೇರಿನ ಲೆಕ್ಕದಲ್ಲಿ ಬಲ್ಲ. ಇಲ್ಲಿ ಸೆಕೆಂಡ್, ಅಲ್ಲಿ ಫಸ್ಟ್, ಪೆಟ್ರೋಲ್ ಬಂಕಿನ ಮುಂದೆ ಉಸಿರು ಬಿಗಿಹಿಡಿದು ಫಸ್ಟ್. ಈ ತಿಳಿವಳಿಕೆಯೇ ಅವನನ್ನು ಹಾಳು ಮಾಡಿತು ಅನ್ನಬಹುದು.

ಸೈಕಲ್ ಸಿಕ್ಕಿದ್ದು ಜಪಾನಿನ ಹಳೆ ಸಾಮಾನು ಮಾರುವ ಅಂಗಡಿಯಲ್ಲಿ. ತೆಳು ಚಕ್ರ, ಟಗರಿನ ಕೊಂಬಿನ ಹಾಗೆ ಬಾಗಿದ ಹಿಡಿಕೆ, ಓಟದ ಪಂದ್ಯದವರ ಸೈಕಲ್. ಅದನ್ನು ತಳ್ಳಿಕೊಂಡು ಅವನು ನೇರ ತೆರಿಯೊನ ಹತ್ತಿರ ಹೋದ. ತೆರಿಯೊ ಮನೆ ಹತ್ತಿರದ ಚರ್ಚಿನ ಹಿಂದೆ ಸೈಕಲ್ ರಿಪೇರಿ ಮಾಡುವವನು, ಅಮಾದೊನ ಮಗಳ ಜ್ಞಾನಸ್ನಾನಕ್ಕೆ ನಿಂತ ಧರ್ಮಪಿತ. ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕುಂಪಾರೆ ಎಂದೇ ಕರೆಯುತ್ತಾರೆ.

"ಕುಂಪಾರೆ, ಗುಡ್ಡ ಹತ್ತೋದಕ್ಕೆ ಇದನ್ನ ಯಾಕೆ ತಂದೆ?" ಎಂದ ತೆರಿಯೊ.

"ಹಗುರ ಇದೆ."

"ಸೈಕಲ್ ಹಗುರ ಇದೆ, ಸರಿ. ನೀನು?"

ಅಮಾದೊ ತನ್ನ ಹೊಟ್ಟೆಯನ್ನು ನೋಡಿಕೊಂಡ.

"ಇದರ ಗೇರು ಚಪ್ಪಟೆ ರಸ್ತೇಲಿ ಓಡೋ ಹುಡುಗರದ್ದು. ಹಿಂದೆ ದೊಡ್ಡ ಹಲ್ಲಿನ ಚಕ್ರ ಹಾಕ್ಕೊಡ್ತೀನಿ, ಕಾಲಿಗೆ ಭಾರ ಕಮ್ಮಿ ಆಗುತ್ತೆ."

"ಅದು ಮೋಸ ಆಗಲ್ವಾ?"

"ಯಾರಿಗೆ ಮೋಸ?"

ಹರಕೆಯ ವಿಷಯ ಅಮಾದೊ ಯಾರಿಗೂ ಹೇಳಿರಲಿಲ್ಲ. ಮನೆಗೆ ಬಂದು ಯೋಚಿಸಿದ. ಮೂವತ್ತೊಂದು ವರ್ಷ ಮಾತೆ ಅವನ ಗಾಜಿನ ಕೆಳಗೆ ಕೂತು ಫಸ್ಟ್ ಗೇರಿನಲ್ಲೇ ಗುಡ್ಡ ಹತ್ತಿದ್ದಾಳೆ, ಒಂದು ದಿನವೂ ತಕರಾರು ಎತ್ತಿಲ್ಲ. ಈಗ ಯಾಕೆ ಎತ್ತುತ್ತಾಳೆ? ಮಾರನೆಯ ದಿನ ದೊಡ್ಡ ಹಲ್ಲಿನ ಚಕ್ರ ಹಾಕಿಸಿಕೊಂಡ.

ಭಾನುವಾರದ ಬೆಳಗ್ಗೆ ಐದೂವರೆಗೆ ಗುಡ್ಡದ ಬುಡದಲ್ಲಿ ಗಂಜಿ ಗಾಡಿಯ ಹತ್ತಿರ ಸೈಕಲ್ ಮಂದಿ ಸೇರುತ್ತಾರೆ, ತೆರಿಯೊ ಕೂಡ ಅವರಲ್ಲೊಬ್ಬ. ಮೊದಲ ಭಾನುವಾರ ಅಮಾದೊ ಯಾರಿಗೂ ಕಾಯಲಿಲ್ಲ. ಜೀಪ್ನಿ ಓಡಿಸುವವರಿಗೆ ಗುಡ್ಡದ ವಿಷಯದಲ್ಲಿ ಇರುವುದು ಒಂದೇ ಪಾಠ: ಬುಡದಲ್ಲಿ ಓಟ ತಗೋ, ಆ ಓಟದಲ್ಲೇ ಅರ್ಧ ಏರು. ಅವನು ಹಾಗೇ ಮಾಡಿದ. ಎದ್ದು ನಿಂತು ತುಳಿದ. ನಾಲ್ಕು ಜನ ಯುವಕರನ್ನು ಹಿಂದೆ ಹಾಕಿದ. ಮುನ್ನೂರು ಮೀಟರ್ ಹೋಗುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದು, ಟೈರ್ ಅಂಗಡಿಯ ಮುಂದೆ ಕಾಲೂರಿ ನಿಂತು, ಸೈಕಲ್ಲಿನ ಹಿಡಿಕೆಯ ಮೇಲೆ ಹಣೆಯಿಟ್ಟ. ಆ ನಾಲ್ಕು ಜನ "ಗುಡ್ ಮಾರ್ನಿಂಗ್ ಪೊ" ಎಂದು, ಹಿರಿಯರಿಗೆ ಹೇಳುವ ಪೊ ಸೇರಿಸಿ, ಮರ್ಯಾದೆಯಿಂದ ಹೇಳುತ್ತ ದಾಟಿಹೋದರು. ಬೈದಿದ್ದರೆ ಅವನಿಗೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಐದನೆಯವಳಾಗಿ ಬಂದವಳು ಮಯೆತ್. ಸಂತೆಯಲ್ಲಿ ಮೀನು ಮಾರುವವಳು, ನಲವತ್ತು ದಾಟಿದವಳು, ಇಬ್ಬರು ಮಕ್ಕಳ ತಾಯಿ. ಅವಳ ಸೈಕಲ್ಲಿನ ಹಿಂದೆ ಮೀನಿನ ಬುಟ್ಟಿ ಕಟ್ಟುವ ಹಗ್ಗ ಭಾನುವಾರವೂ ಇರುತ್ತದೆ.

"ಮಾಂಗ್ ಅಮಾದೊ, ಹೀಗೆ ತುಳಿದ್ರೆ ಗುಡಿ ಮುಟ್ಟಲ್ಲ, ನೇರ ಸ್ಮಶಾನ ಮುಟ್ತೀರ," ಎಂದಳು, ಹಿರಿಯರನ್ನು ಕರೆಯುವ ಮಾಂಗ್ ಸೇರಿಸಿಯೇ. "ಅದೂ ಇದೇ ರಸ್ತೇಲೇ ಇದೆ ಅನ್ನಿ."

"ಹಾಗಾದ್ರೆ ಹೇಗೆ ತುಳೀಬೇಕು?"

"ಮಾತಾಡ್ತಾ ತುಳೀಬೇಕು. ಮಾತು ನಿಂತ್ರೆ ಜೋರಾಯ್ತು ಅಂತ ಅರ್ಥ. ಹಾಡು ಬಂದ್ರೆ ಸೋಮಾರಿ ಆದ್ರಿ ಅಂತ ಅರ್ಥ. ನನ್ನ ಪಕ್ಕ ಬನ್ನಿ. ನಮ್ಮ ಸಂತೇಲಿ ಮಂಜುಗಡ್ಡೆ ತರ್ತಾನಲ್ಲ, ಅವನಿಗೂ ಸಿಗಡಿ ಮಾರೋ ವಿಧವೆಗೂ ಏನು ನಡೀತಿದೆ ಗೊತ್ತಾ?"

ಗೊತ್ತಿರಲಿಲ್ಲ. ಮಯೆತ್ ಹೇಳತೊಡಗಿದಳು. ಅವಳು ಕತೆಯನ್ನು ಏರಿಗೆ ತಕ್ಕಂತೆ ಹಂಚುತ್ತಿದ್ದಳು. ಕಡಿದಾದ ಜಾಗ ಬಂದಾಗ ಸರಿಯಾಗಿ ವಿಧವೆಯ ಅತ್ತೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಮುಂದೇನಾಯಿತೆಂದು ಕೇಳಬೇಕಾದರೆ ಅವಳ ಚಕ್ರದ ಪಕ್ಕದಲ್ಲೇ ಇರಬೇಕು. ಮೂರನೆಯ ಭಾನುವಾರದ ಹೊತ್ತಿಗೆ ಅಮಾದೊ ಅರ್ಧ ಗುಡ್ಡವನ್ನೂ ಅರ್ಧ ಕತೆಯನ್ನೂ ಮುಟ್ಟಿದ್ದ.

ಮನೆಯಲ್ಲಿ ಲೂದಿಂಗ್ ಬೆಳ್ಳುಳ್ಳಿ ಸುಲಿಯುತ್ತ ಅವನನ್ನು ನೋಡುತ್ತಿದ್ದಳು.

"ಈ ವಯಸ್ಸಲ್ಲಿ ಇದೇನು ಹುಚ್ಚು ನಿಂಗೆ?"

"ಡಾಕ್ಟರು ವ್ಯಾಯಾಮ ಮಾಡು ಅಂದಿದಾರೆ."

"ಅಂದಿದ್ದು ನಂಗೆ."

"ಇಬ್ಬರಿಗೂ ಆಗುತ್ತೆ ಅಂತ."

ಅವಳು ಮುಂದೆ ಕೆದಕಲಿಲ್ಲ. ಮೊದಲಾಗಿದ್ದರೆ ಕೆದಕುತ್ತಿದ್ದಳು. ಒಂದು ಭಾನುವಾರವೂ ಬಿಡದೆ ಹಿಂದೆ ಬಿದ್ದು, ನಿಜ ಹೊರಡಿಸಿ, ಅದನ್ನು ಬೀದಿಯವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳ ಮಾತೆಲ್ಲ ಮೊಟಕಾಗಿತ್ತು. ಅಕ್ಕಿಯನ್ನು ಮೂಟೆಯಲ್ಲಿ ತರಿಸುತ್ತಿದ್ದವಳು ಈಗ ಎರಡೆರಡು ಕಿಲೋ ತರಿಸುತ್ತಿದ್ದಳು. ಪಕ್ಕದ ಮನೆಯವರು ಡಿಸೆಂಬರಿನ ಮದುವೆಗೆ ನೀನೇ ಧರ್ಮಮಾತೆಯಾಗಿ ನಿಲ್ಲಬೇಕು ಎಂದು ಕೇಳಿದರೆ "ನೋಡೋಣ" ಎಂದಳು. ಯಾವ ಮಾತಾದರೂ ಬರುವ ವಾರದ ಆಚೆಗೆ ಕಾಲಿಡುತ್ತಿರಲಿಲ್ಲ. ಜೂನ್ ಮೊದಲ ವಾರದಲ್ಲಿ ಮತ್ತೆ ಹೊಟ್ಟೆಯನ್ನು ಪರೀಕ್ಷೆ ಮಾಡಿ, ಗಡ್ಡೆ ತಿರುಗಿ ಬಂದಿದೆಯೋ ಇಲ್ಲವೋ ಹೇಳುವುದಿತ್ತು. ಅಮಾದೊನಿಗೆ ಆ ಪರೀಕ್ಷೆಗಿಂತ ಈ ಎರಡು ಕಿಲೋ ಅಕ್ಕಿಯ ಪೊಟ್ಟಣ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಹರಕೆ ತೀರಿಸದೆ ಮೇ ಕಳೆದರೆ ಅವಳು ತನ್ನ ಕೈಯಿಂದಲೇ ಜಾರಿಹೋಗುತ್ತಾಳೆ ಎಂದು ಅವನು ನಂಬಿದ್ದ. ಯಾರು ಏನು ಹೇಳಿದ್ದರೂ ಆ ನಂಬಿಕೆ ಕದಲುತ್ತಿರಲಿಲ್ಲ. ಹೇಳಲು ಯಾರಿಗೂ ಗೊತ್ತೂ ಇರಲಿಲ್ಲ.

ನಾಲ್ಕನೆಯ ಭಾನುವಾರ ಅವನ ಕಾಲು, ಉಸಿರು ಎರಡೂ ಹದಕ್ಕೆ ಬಂದಿದ್ದವು. ಅರ್ಧ ದಾರಿ ದಾಟಿದ. ಪೆಟ್ರೋಲ್ ಬಂಕಿನ ಏರನ್ನೂ ದಾಟಿದ. ಅಲ್ಲಿ ರಸ್ತೆ ಬದಿಯಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಒಬ್ಬ ಹೆಂಗಸು, ಅವನ ಹಿಂದೆ ಬರುತ್ತಿದ್ದ ಜೀಪ್ನಿಗೆ ಕೈ ಎತ್ತಿದಳು.

ಅಮಾದೊ ಬ್ರೇಕ್ ಹಿಡಿದ. ಬದಿಗೆ ಸರಿದ. ಕಾಲೂರಿದ. "ಎಲ್ಲಿಗೆ ಪೊ?" ಎಂದು ಕೇಳಿಯೂಬಿಟ್ಟ.

ಹೆಂಗಸು ಅವನನ್ನು, ಅವನ ಸೈಕಲ್ಲನ್ನು, ಆಮೇಲೆ ತನ್ನ ಬುಟ್ಟಿಯನ್ನು ನೋಡಿದಳು.

"ನನ್ನನ್ನ ಎಲ್ಲಿ ಕೂರಿಸ್ಕೋತೀರ?" ಎಂದಳು.

ಮಯೆತ್ ನಕ್ಕು ನಕ್ಕು ತಾನೂ ಕಾಲೂರಿದಳು. ಅಮಾದೊ ನಗಲಿಲ್ಲ. ಬುದ್ಧಿ ಬೇಡವೆಂದರೂ ಕೈ ಕೇಳುವುದಿಲ್ಲ, ಅಷ್ಟೇ. ಮೂವತ್ತೊಂದು ವರ್ಷ ಎತ್ತಿದ ಕೈಯೊಂದನ್ನು ಬಿಟ್ಟು ಮುಂದೆ ಹೋದವನಲ್ಲ ಅವನು. ಮಳೆ ಬರಲಿ, ಗಾಡಿ ತುಂಬಿರಲಿ, ಹಿಂದಿನ ಮೆಟ್ಟಿಲ ಮೇಲೆ ನಾಲ್ಕು ಜನ ಜೋತಾಡುತ್ತಿರಲಿ, ನಿಲ್ಲಿಸುತ್ತಿದ್ದ. ಐದನೆಯ ಭಾನುವಾರ ಒಬ್ಬ ಮುದುಕ ಸೊಳ್ಳೆ ಓಡಿಸಲು ಕೈ ಎತ್ತಿದ, ಅದಕ್ಕೂ ನಿಂತ. ಆರನೆಯ ಸಲ ಪಕ್ಕದಲ್ಲಿ ಹೋಗುತ್ತಿದ್ದ ಜೀಪ್ನಿಯೊಳಗಿಂದ ಯಾರೋ ಇಳಿಯುವವರು "ಪಾರಾ!" ಎಂದು, ಅಂದರೆ ನಿಲ್ಲಿಸು ಎಂದು, ಕೂಗಿದರು. ಆ ಜೀಪ್ನಿ ನಿಲ್ಲುವ ಮೊದಲೇ ಅಮಾದೊ ನಿಂತಿದ್ದ. ಅದರ ಚಾಲಕ ಅವನ ಹಳೆಯ ಗೆಳೆಯನೇ. ತಲೆ ಹೊರಗೆ ಹಾಕಿ "ಏ ಅಮಾದೊ, ಗಾಡಿ ಇಲ್ದೆ ಇದ್ರೂ ಗಿರಾಕಿ ಕದೀತೀಯಲ್ಲೋ!" ಎಂದು ಕೂಗಿ ಹೋದ. ಏಳನೆಯ ಸಲ ಯಾರೋ ಇನ್ಯಾರನ್ನೋ "ಪ್ಸ್ಟ್" ಎಂದು ಕರೆದರು. ಎಂಟನೆಯ ಸಲ ಬಣ್ಣದ ಅಂಗಡಿಯ ಮುಂದೆ ಹಲಗೆಯ ಮೇಲೆ ಬಿಡಿಸಿದ್ದ ಚಿತ್ರದ ಮನುಷ್ಯನೊಬ್ಬ ಕೈ ಎತ್ತಿ ನಗುತ್ತಿದ್ದ. ಆ ಭಾನುವಾರದ ವಿಷಯ ಬೇಡ.

"ಕುಂಪಾರೆ, ಕುದುರೆಗೆ ಕಟ್ಟೋ ಹಾಗೆ ಕಣ್ಣಿಗೆ ಪಟ್ಟಿ ಕಟ್ಲಾ?" ಎಂದ ತೆರಿಯೊ.

"ಹೋಗಲಿ ಬಿಡು, ಏನೀಗ?" ಎಂದಳು ಮಯೆತ್. "ಕಾಲೂರಿದ್ರೆ ಊರಿದ್ರು. ನಮ್ಮಲ್ಲಿ ಯಾರು ಊರಿಲ್ಲ? ಗಂಜಿ ಕುಡಿದು ಮತ್ತೆ ಹತ್ತಿದ್ರಾಯ್ತು."

ಅಮಾದೊ ಗಂಜಿಯ ಬಟ್ಟಲನ್ನೇ ನೋಡುತ್ತ ಕೂತ. ಮೇ ತಿಂಗಳಲ್ಲಿ ಉಳಿದಿದ್ದದ್ದು ಒಂದೇ ಭಾನುವಾರ.

ಆ ಕೊನೆಯ ಭಾನುವಾರ ಅವನು ಕಣ್ಣನ್ನು ರಸ್ತೆಯ ಬಿಳಿ ಗೆರೆಯಿಂದ ಎತ್ತಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡಿದ್ದ, ಹಾಗಾಗಿ ಮಯೆತ್ ತನ್ನ ಕತೆಯನ್ನು ಕೂಗಿ ಹೇಳಬೇಕಾಯಿತು. ಮಂಜುಗಡ್ಡೆಯವನ ಗುಟ್ಟು ಆ ಬೆಳಗ್ಗೆ ಇಡೀ ರಸ್ತೆಗೆ ತಿಳಿಯಿತು. ಟೈರ್ ಅಂಗಡಿ ಹೋಯಿತು, ಬಂಕ್ ಹೋಯಿತು, ಕೈ ಎತ್ತಿದ ಹಲಗೆಯೂ ಹೋಯಿತು. ಗುಡಿಯ ಗೋಪುರ ಕಾಣುವ ಕೊನೆಯ ಏರಿನಲ್ಲಿ ಮಾತ್ರ ಅವನ ಚಕ್ರ ತೂರಾಡತೊಡಗಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಇನ್ನೇನು ಬಿದ್ದ ಅನ್ನುವಷ್ಟರಲ್ಲಿ ಅವನ ಬೆನ್ನಿಗೆ ಏನೋ ಬೆಚ್ಚಗೆ ತಾಗಿತು. ಸೈಕಲ್ ಸರಾಗವಾಗಿ ಮೇಲೆ ಹೋಯಿತು.

ಗುಡಿಯ ಅಂಗಳಕ್ಕೆ ಬಂದಾಗ ಮಯೆತ್ ಎರಡೂ ಕೈ ಬಿಟ್ಟು ಚಪ್ಪಾಳೆ ತಟ್ಟಿದಳು. "ಆಯ್ತು! ಮಾಂಗ್ ಅಮಾದೊ, ಇಳೀರಿ! ಆಯ್ತು!"

ಅಮಾದೊ ಇಳಿಯಲಿಲ್ಲ. ಹತ್ತಿ ಕಿತ್ತು ಎಸೆದು, ಅಂಗಳದಲ್ಲಿ ಸುತ್ತು ಹಾಕತೊಡಗಿದ.

"ತೆರಿಯೊ! ನನ್ನ ಬೆನ್ನಿಗೆ ಕೈ ಇಟ್ಯಾ?"

"ಸ್ವಲ್ಪ," ಎಂದ ತೆರಿಯೊ. ಹೊಸಬರು ಏರಿನಲ್ಲಿ ಸೋತಾಗ ಪಕ್ಕದವರು ಬೆನ್ನಿಗೆ ಅಂಗೈ ಕೊಟ್ಟು ತಳ್ಳುವುದು ಈ ಗುಡ್ಡದಲ್ಲಿ ರೂಢಿ. ಅದಕ್ಕೆ ಯಾರೂ ಥ್ಯಾಂಕ್ಸ್ ಕೂಡ ಹೇಳುವುದಿಲ್ಲ.

"ಎಷ್ಟು ಸ್ವಲ್ಪ?"

"ಒಂದು ಜೀಪ್ನಿ ಉದ್ದ. ಬೇಡ, ಎರಡು. ಯಾಕೆ ಕುಂಪಾರೆ? ಇಳಿ, ಇಳಿದು ಮಾತಾಡು!"

"ಇಳಿಯೋ ಹಾಗಿಲ್ಲ!"

ಯಾತ್ರೆಯ ಕೊನೆಯ ಭಾನುವಾರ. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಮೂಲೆಯಲ್ಲಿ ಮೂರು ಚಕ್ರದ ಹೊಸ ಬಾಡಿಗೆ ಟ್ರೈಸಿಕಲ್ ಒಂದಕ್ಕೆ ಪಾದ್ರಿ ಪವಿತ್ರ ಜಲ ಚಿಮುಕಿಸುತ್ತಿದ್ದರು. ಈ ಜನಜಂಗುಳಿಯ ನಡುವೆ ಕೆಂಪು ಮುಖದ ಮುದುಕನೊಬ್ಬ ತೆಳು ಚಕ್ರದ ಸೈಕಲ್ಲಿನಲ್ಲಿ ಸುತ್ತು ಹೊಡೆಯುತ್ತ, ತನ್ನ ಹೆಂಡತಿಯ ಹೊಟ್ಟೆಯ ಗಡ್ಡೆಯ ವಿಷಯವನ್ನೂ ಆಸ್ಪತ್ರೆಯ ಪಡಸಾಲೆಯ ವಿಷಯವನ್ನೂ ಹರಕೆಯ ವಿಷಯವನ್ನೂ ಕೂಗಿ ಹೇಳತೊಡಗಿದ. ಮೂರು ತಿಂಗಳು ಬಚ್ಚಿಟ್ಟದ್ದನ್ನು ಮೂರು ಸುತ್ತಿನಲ್ಲಿ ಹೊರಹಾಕಿದ. ಎರಡನೆಯ ಸುತ್ತಿನಲ್ಲಿ ಪಾದ್ರಿಯ ನೀರು ಅವನ ಮೇಲೂ ಬಿತ್ತು.

ತೆರಿಯೊ ತನ್ನ ಬಲಗೈಯನ್ನು ನೋಡಿಕೊಂಡು ನಿಂತುಬಿಟ್ಟ.

ಬಾಗಿಲ ಪಕ್ಕದಲ್ಲಿ ಎಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬು ಮಾರುವ ನಾನಾಯ್ ಪಾಸಿಂಗ್ ಮಾತ್ರ ಕೂತಲ್ಲಿಂದಲೇ ವಿಚಾರಣೆ ಶುರುಮಾಡಿದಳು. ಐವತ್ತು ವರ್ಷದಿಂದ ಹರಕೆ ತೀರಿಸುವವರನ್ನು ನೋಡಿದವಳು, ಪಾದ್ರಿಗಳೂ ಅವಳನ್ನು ನಾನಾಯ್, ಅಂದರೆ ಅಮ್ಮ, ಎಂದೇ ಕರೆಯುತ್ತಾರೆ.

"ನೋಡಪ್ಪಾ, ನೀನು ಹೇಳ್ಕೊಂಡಿದ್ದು ಕಾಲೂರಲ್ಲ ಅಂತ. ಕಾಲೂರಿದ್ಯಾ?"

"ಇಲ್ಲ ನಾನಾಯ್!"

"ಬೆನ್ನು ಮುಟ್ಟಿಸ್ಕೊಳ್ಳಲ್ಲ ಅಂತ ಹೇಳಿದ್ಯಾ?"

ಅವನು ಉತ್ತರಿಸುವಷ್ಟರಲ್ಲಿ ಸುತ್ತು ಮುಂದೆ ಹೋಗಿತ್ತು. ತಿರುಗಿ ಬಂದ ಮೇಲೆ ಹೇಳಿದ. "ಹೇಳಿಲ್ಲ!"

"ಮತ್ತೆ? ಸಂದಾಯ ಆಯ್ತು. ಇಳಿ. ಬಂದು ಕಡುಬು ತಿನ್ನು."

ಸುತ್ತ ನಿಂತವರೆಲ್ಲ ಹೌದು ಹೌದು ಎಂದರು. ಟ್ರೈಸಿಕಲ್ಲಿನ ಒಡೆಯನೂ ಹೌದು ಎಂದ. ಪಾದ್ರಿಯೂ ಅಲ್ಲವೆನ್ನಲಿಲ್ಲ.

ಅಮಾದೊ ಇನ್ನೊಂದು ಸುತ್ತು ಹಾಕಿದ.

"ಅವಳ ಹೊಟ್ಟೆ ಕೊಯ್ದಾಗ ಯಾರಾದ್ರೂ ಎರಡು ಜೀಪ್ನಿ ಉದ್ದದ ನೋವು ಹಂಚ್ಕೊಂಡ್ರಾ ನಾನಾಯ್?" ಎಂದ. "ಅಷ್ಟನ್ನೂ ಅವಳೊಬ್ಬಳೇ ಅನುಭವಿಸಿದ್ದು."

ನಾನಾಯ್ ಪಾಸಿಂಗ್ ಅವನಿಗೆಂದು ಬಿಚ್ಚಿದ್ದ ಕಡುಬನ್ನು ಮತ್ತೆ ಎಲೆಯಲ್ಲಿ ಸುತ್ತಿಟ್ಟಳು. ಅಮಾದೊ ಹಿಡಿಕೆ ತಿರುಗಿಸಿ, ಗೇಟಿನಿಂದ ಹೊರಬಿದ್ದು, ಬಂದ ದಾರಿಯಲ್ಲೇ ಗುಡ್ಡ ಇಳಿದುಹೋದ.

ಬುಡದಲ್ಲಿ ಕಾಲೂರಿ ನಿಂತಾಗ ಎಂಟು ಗಂಟೆ. ಬಿಸಿಲು ಚುರುಗುಟ್ಟುತ್ತಿತ್ತು. ಹಿಂದೆಯೇ ಇಳಿದು ಬಂದ ಇಬ್ಬರೂ ಅವನ ಎದುರಿಗೆ ತಪ್ಪು ಮಾಡಿದವರ ಹಾಗೆ ನಿಂತರು.

"ಕುಂಪಾರೆ, ನಂಗೆ ಗೊತ್ತಿರ್ಲಿಲ್ಲ," ಎಂದ ತೆರಿಯೊ.

"ಗೊತ್ತಿದ್ದಿದ್ರೂ ತಳ್ತಿದ್ದೆ ನೀನು. ಬಿಡು." ಅಮಾದೊ ಅರ್ಧ ಬ್ರೆಡ್ಡು ತಿಂದು, ಒಂದು ಬಾಟಲಿ ನೀರು ಕುಡಿದು, ಉಳಿದರ್ಧ ಬ್ರೆಡ್ಡನ್ನು ತೆರಿಯೊನ ಕೈಗಿತ್ತ. "ಈ ಸಲ ಆ ಕೈಯಲ್ಲಿ ಇದನ್ನ ಹಿಡ್ಕೊಂಡಿರು."

"ಎತ್ತಿದ ಕೈಗಳ ವಿಷಯ ನಂಗೆ ಬಿಡಿ," ಎಂದಳು ಮಯೆತ್. ಎಂಟು ಗಂಟೆಗೆ ರಸ್ತೆಯ ತುಂಬ ಜನ. ಅರ್ಧ ಊರು ಗುಡಿಗೆ ಹೊರಟು ಜೀಪ್ನಿಗೆ ಕಾಯುತ್ತಿತ್ತು. ಅವಳು ಇಪ್ಪತ್ತು ಮೀಟರ್ ಮುಂದೆ ಹೋಗಿ, ಮೀನು ಮಾರುವ ಗಂಟಲನ್ನು ಪೂರ್ತಿ ತೆರೆದಳು.

"ಕೈ ಎತ್ತಬೇಡಿ! ಯಾರೂ ಕೈ ಎತ್ತಬೇಡಿ! ಹಿಂದೆ ಮಾಂಗ್ ಅಮಾದೊ ಬರ್ತಿದಾರೆ! ಹೆಂಡ್ತಿ ಉಳೀಲಿ ಅಂತ ಹರಕೆ! ಕೈ ಎತ್ತಿದ್ರೆ ನಿಂತುಬಿಡ್ತಾರೆ!"

ಮೊದಲ ನಿಲ್ದಾಣದಲ್ಲಿ ಜನಕ್ಕೆ ಅರ್ಥವಾಗಲಿಲ್ಲ, ಬರೀ ಬಾಯಿ ಬಿಟ್ಟು ನೋಡಿದರು. ಎರಡನೆಯ ನಿಲ್ದಾಣದಲ್ಲಿ ಅಮಾದೊನ ಹಳೆಯ ಪ್ರಯಾಣಿಕರಿದ್ದರು. ಮೂರನೆಯದಕ್ಕೆ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು, ಏಕೆಂದರೆ ಜೀಪ್ನಿ ಚಾಲಕರು ಅದನ್ನು ಮೇಲಕ್ಕೆ ಸಾಗಿಸುತ್ತಿದ್ದರು. ಬಿಳಿ ಗೆರೆಯಿಂದ ಕಣ್ಣೆತ್ತಬಾರದೆಂದು ಎಷ್ಟು ಹಟ ಹಿಡಿದರೂ ಅಮಾದೊ ಕಣ್ಣೆತ್ತಿದ. ರಸ್ತೆಯುದ್ದಕ್ಕೂ ಜನ ಸಾಲಾಗಿ ನಿಂತಿದ್ದರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಕೆಲವರು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಅಂದಿನ ತರಕಾರಿ ಬುಟ್ಟಿಯ ಹೆಂಗಸು ಕೈಗಳನ್ನು ಬುಟ್ಟಿಯೊಳಗೆ ಹುದುಗಿಸಿದ್ದಳು. ಖಾಲಿ ಜೀಪ್ನಿಗಳು ಅವರ ಮುಂದೆ ನಿಧಾನಕ್ಕೆ ಸಾಗಿ, ಯಾರೂ ಕೈ ಮಾಡದಿರಲು, ನಿಲ್ಲದೆ ಮುಂದೆ ಹೋಗುತ್ತಿದ್ದವು. ಯಾರೂ ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಚಪ್ಪಾಳೆಗೂ ಕೈ ಎತ್ತಬೇಕಾಗುತ್ತದೆ.

ಅಮಾದೊ ಅಳುತ್ತಿದ್ದ. ಬೆವರಿನಲ್ಲಿ ಅದು ಗೊತ್ತಾಗುವ ಹಾಗಿರಲಿಲ್ಲ. ಅವನಿಗೆ ಈ ಜನರೆಲ್ಲರ ಮೇಲೆ ವಿಪರೀತ ಪ್ರೀತಿ ಬಂತು, ಜೊತೆಗೆ ಅವರನ್ನೆಲ್ಲ ಹತ್ತಿಸಿಕೊಳ್ಳದೆ ಹೋಗುತ್ತಿದ್ದೇನಲ್ಲ ಎಂದು ಸಂಕಟವೂ ಆಯಿತು. ಕೊನೆಯ ಏರಿನಲ್ಲಿ ಚಕ್ರ ಮತ್ತೆ ತೂರಾಡಿತು. ತೆರಿಯೊ ಪಕ್ಕದಲ್ಲೇ ಇದ್ದ, ಬ್ರೆಡ್ಡು ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು.

"ಬೀಳ್ತೀಯ ಕುಂಪಾರೆ," ಎಂದ.

"ಬಿದ್ರೆ ಬಿದ್ದೆ. ಮುಟ್ಟಬೇಡ."

ಬೀಳಲಿಲ್ಲ. ಹೇಗೆ ಬೀಳಲಿಲ್ಲವೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ನಡೆದು ಹೋಗುತ್ತಿದ್ದ ಒಬ್ಬ ಅಜ್ಜಿ ಅವನನ್ನು ದಾಟಿ ಮುಂದೆ ಹೋದಳಂತೆ, ಅಷ್ಟು ನಿಧಾನ. ಆದರೆ ಚಕ್ರ ಉರುಳುತ್ತಿತ್ತು, ಕಾಲು ಪೆಡಲಿನ ಮೇಲಿತ್ತು. ಗುಡಿಯ ಬಾಗಿಲ ಕಲ್ಲು ಮುಂದಿನ ಟೈರಿಗೆ ತಾಗಿದ ಮೇಲೆಯೇ ಅವನು ಕಾಲೂರಿದ್ದು. ಊರಿದ ಕಾಲು ನಿಲ್ಲದೆ, ಸೈಕಲ್ ಸಮೇತ ನಾನಾಯ್ ಪಾಸಿಂಗಳ ಕಡುಬಿನ ತಟ್ಟೆಯ ಪಕ್ಕಕ್ಕೆ ಉರುಳಿದ.

"ಈಗ ತಿಂತೀಯೋ?" ಎಂದಳು ಅವಳು.

ಒಳಗೆ ಹೋಗಿ ಮಾತೆಯ ಎದುರು ನಿಂತ. "ಬಂದೆ," ಎಂದ. ಆಮೇಲೆ ಮನೆಗೆ ಹೊರಟ.

ಸುದ್ದಿ ಮನೆಗೆ ಆಗಲೇ ಬಂದು ಕೂತಿತ್ತು. ಬೀದಿಯವರು ಇಬ್ಬರು ಮೂವರು ಬಂದು ಹೇಳಿ ಹೋಗಿದ್ದರು. ಲೂದಿಂಗ್ ಅಂಗಳದ ಬೆಂಚಿನ ಮೇಲೆ ಕೂತಿದ್ದಳು. ಅವನು ಸೈಕಲ್ ಒರಗಿಸಿ, ಮೊಣಕಾಲು ಹಿಡಿದುಕೊಂಡು ಅವಳ ಪಕ್ಕ ಕೂತ. ಬೈಗುಳ ಬರುತ್ತದೆಂದು ಕಾದ.

"ನೀನೇನಂತ ಹೇಳ್ಕೊಂಡೆ? ಅದೇ ಮಾತು ಹೇಳು," ಎಂದಳು ಅವಳು.

"ಇವಳನ್ನ ನಂಗೆ ಉಳಿಸ್ಕೊಡು, ಮೇ ತಿಂಗಳಲ್ಲಿ ಕಾಲೂರದೆ ನಿನ್ನ ಗುಡ್ಡ ಹತ್ತಿ ಬರ್ತೀನಿ ಅಂದೆ."

"ಯಾವ ಮೇ?"

"ಬರೋ ಮೇ ಅಂತ ಮನಸ್ಸಲ್ಲಿತ್ತು."

"ಬಾಯಲ್ಲಿ ಹೇಳಿದ್ಯಾ?"

ಅವನು ಯೋಚಿಸಿದ. "ಇಲ್ಲ."

"ಹಾಗಾದ್ರೆ ಒಂದು ಸಲಕ್ಕೆ ಮುಗಿಯಲ್ಲ, ಪೆದ್ದ. ಹರಕೆ ಅಂದ್ರೆ ಹಾಗೆ ಒಂದು ಸಲದ್ದಲ್ಲ. ನಮ್ಮಮ್ಮ ನನ್ನ ಜ್ವರ ಬಿಟ್ಟಿದ್ದಕ್ಕೆ ವರ್ಷ ವರ್ಷ ನಡೆದು ಹೋಗ್ತಿದ್ಳು, ಸಾಯೋವರೆಗೂ. ಯಾರಿಗೋಸ್ಕರ ಹೊತ್ಯೋ ಅವರು ಇರೋವರೆಗೂ ತೀರಿಸ್ತಾ ಇರ್ಬೇಕು." ಅವಳು ಸೈಕಲ್ಲಿನ ಕಡೆ ನೋಡಿದಳು. "ಮುಂದಿನ ವರ್ಷ ಇಷ್ಟು ತಡ ಮಾಡ್ಬೇಡ. ಮೇ ಮೊದಲ ವಾರದಲ್ಲೇ ಹೋಗು, ಬೆಳಕು ಹರಿಯೋ ಮುಂಚೇನೇ ಹೊರಡು, ಬಿಸಿಲು ಕಮ್ಮಿ ಇರುತ್ತೆ. ಅದರ ಮುಂದಿನ ವರ್ಷದಿಂದ ನಾನೂ ಜೀಪ್ನೀಲಿ ಹಿಂದೆ ಬರ್ತೀನಿ, ನೀರು ಹಿಡ್ಕೊಂಡು."

ಅಮಾದೊ ಅಲುಗಾಡದೆ ಕೂತ. ಫೆಬ್ರವರಿಯಿಂದ ಈಚೆಗೆ ಅವಳ ಬಾಯಲ್ಲಿ ಮುಂದಿನ ವರ್ಷ ಎಂಬ ಮಾತು ಬಂದಿರಲಿಲ್ಲ. ಈಗ ಒಂದೇ ಉಸಿರಿಗೆ ಎರಡು ವರ್ಷ ಬಂದಿದ್ದವು. ಎಲ್ಲಿ ಉಸಿರಾಡಿದರೆ ಅವು ಹಾರಿಹೋಗುತ್ತವೋ ಎಂದು ಅವನಿಗೆ ಭಯವಾಯಿತು.

"ನಿಮ್ಮಮ್ಮ ಹೋದಾಗ ಎಷ್ಟು ವಯಸ್ಸು?" ಎಂದು ಕೇಳಿದ.

"ತೊಂಬತ್ತೊಂದು. ಯಾಕೆ?"

ಲೂದಿಂಗ್‌ಗೆ ಈಗ ಐವತ್ತೆಂಟು. ಅಮಾದೊ ಬೆರಳು ಮಡಿಸಿ ಎಣಿಸಿದ. ಬೆರಳು ಸಾಲದೆ ಮತ್ತೆ ಮೊದಲಿಂದ ಎಣಿಸಿದ. ಅವನ ಮೊಣಕಾಲು ಊದಿ ಹಲಸಿನ ಕಾಯಿಯಂತಾಗಿತ್ತು.

"ಮೂವತ್ತಮೂರು ಸಲ ಹತ್ತಬೇಕು," ಎಂದ. "ಸಾಲದು ಲೂದಿಂಗ್. ನೀನು ನಿಮ್ಮಮ್ಮನಿಗಿಂತ ಒಂದೆರಡು ವರ್ಷ ಜಾಸ್ತಿ ಇರು."